ಲಿನಕ್ಸ್ ಹಾಕುವ ಮುಂಚೆ ಡಿಸ್ಕ್ ಹಂಚಿಕೊಳ್ಳುವುದು ಹೇಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ಡೊಂಬಿವಲಿ, ಠಾಣೆ, ಪುಣೆ, ವಾಸ್ಕೋ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್‌ಗಳು ಇನ್ನೂ ಬೇಕಾದಷ್ಟಿವೆ. ಮಕ್ಕಳ ಓದು, ಬ್ಯಾಂಕ್ ಕೆಲಸ, ಊರಿನವರ ಜೊತೆ ವಿಡಿಯೋ ಕಾಲ್, ಎಲ್ಲವೂ ಅದರಲ್ಲೇ ನಡೆಯುತ್ತಿದೆ. ಹಾಗಾಗಿ ಮುಂಬೈನ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ ಒಂದು ಎಸ್‌ಎಸ್‌ಡಿ (ಹಳೆಯ ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ತಂದು, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ, ಅದರಲ್ಲೂ ಉಬುಂಟುವನ್ನೋ ಮಿಂಟ್ ಅನ್ನೋ ಹಾಕಿಬಿಡೋಣ ಎಂದು ಯೋಚಿಸುವವರು ಈಗ ಜಾಸ್ತಿ ಆಗಿದ್ದಾರೆ.

ಇನ್‌ಸ್ಟಾಲ್ ಮಾಡುವುದು ಈಗ ನಿಜಕ್ಕೂ ಸುಲಭ. ಭಾಷೆ ಯಾವುದು, ಕೀಬೋರ್ಡ್ ಯಾವುದು, ನಿಮ್ಮ ಹೆಸರೇನು ಎಂದು ಕೇಳುತ್ತದೆ, ಉತ್ತರ ಕೊಡುತ್ತಾ ಹೋದರೆ ಸಾಕು. ಮಧ್ಯದಲ್ಲಿ ಒಂದೇ ಒಂದು ಪುಟದಲ್ಲಿ ಎಲ್ಲರ ಕೈ ನಿಂತುಬಿಡುತ್ತದೆ. ಡಿಸ್ಕನ್ನು ಹೇಗೆ ಭಾಗ ಮಾಡಲಿ ಎಂದು ಕೇಳುವ ಪುಟ ಅದು. ಉಳಿದ ಎಲ್ಲ ಉತ್ತರಗಳನ್ನು ಆಮೇಲೆ ಬದಲಿಸಬಹುದು, ಇದನ್ನು ಬದಲಿಸುವುದು ಕಷ್ಟ. ಅದಕ್ಕೇ ಆ ಪುಟ ಬರುವ ಮುಂಚೆಯೇ, ಒಂದು ಹಾಳೆಯ ಮೇಲೆ ಲೆಕ್ಕ ಬರೆದಿಟ್ಟುಕೊಂಡು ಕೂತರೆ ಒಳ್ಳೆಯದು. ಆ ಲೆಕ್ಕ ಹಾಕಲು ಏನೇನು ಗೊತ್ತಿರಬೇಕೋ ಅಷ್ಟನ್ನು ಇಲ್ಲಿ ಬರೆದಿದ್ದೇನೆ.

ಪಾರ್ಟಿಶನ್ ಎಂದರೆ ಏನು

ಊರಲ್ಲಿ ಜಮೀನು ಇದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಹತ್ತು ಎಕರೆ ಹೊಲ ಇದೆ ಅಂದುಕೊಳ್ಳಿ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ, ಅದು ಯಾರದು ಎಂಬುದು ಪಹಣಿಯಲ್ಲಿ ಇರುತ್ತದೆ, ಮಹಾರಾಷ್ಟ್ರದಲ್ಲಾದರೆ ಸಾತ್‌ಬಾರಾದಲ್ಲಿ. ಹೊಲ ಡಿಸ್ಕ್, ಅದರ ಒಂದೊಂದು ಭಾಗ ಪಾರ್ಟಿಶನ್, ಆ ದಾಖಲೆಯೇ ಪಾರ್ಟಿಶನ್ ಟೇಬಲ್. ದಾಖಲೆ ಹರಿದುಹೋದರೆ ಹೊಲದಲ್ಲಿರುವ ಬೆಳೆ ಎಲ್ಲೂ ಹೋಗುವುದಿಲ್ಲ, ಆದರೆ ಯಾವ ಬೆಳೆ ಯಾರದು ಎಂದು ಹೇಳುವವರು ಇರುವುದಿಲ್ಲ. ಡಿಸ್ಕಿನಲ್ಲೂ ಹಾಗೇ. ಪಾರ್ಟಿಶನ್ ಅಳಿಸಿದ ಕೂಡಲೇ ಫೋಟೋಗಳು ಮಾಯವಾಗುವುದಿಲ್ಲ, ಅವುಗಳಿಗೆ ಹೋಗುವ ದಾರಿ ಮಾತ್ರ ಹೋಗುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಾದರೆ, ಅದರ ಮೇಲೆ ಬೇರೆ ಏನೂ ಬರೆಯುವ ಮುಂಚೆ ಟೆಸ್ಟ್‌ಡಿಸ್ಕ್‌ನಂಥ ಉಚಿತ ತಂತ್ರಾಂಶದಿಂದ ಆ ಗಡಿಗಳನ್ನು ಮತ್ತೆ ಹುಡುಕಿ ಸರಿಪಡಿಸಲು ಎಷ್ಟೋ ಸಲ ಸಾಧ್ಯ. ಎಸ್‌ಎಸ್‌ಡಿಯಲ್ಲಿ ಆ ನಂಬಿಕೆ ಇಟ್ಟುಕೊಳ್ಳಬೇಡಿ. ಖಾಲಿ ಆಗಿದೆ ಎಂದು ಗೊತ್ತಾದ ಜಾಗವನ್ನು ಅದು ತಾನಾಗಿಯೇ ಒರೆಸಿ ಹಾಕಬಹುದು.

ಇನ್ನು ಫಾರ್ಮ್ಯಾಟ್. ಪಾರ್ಟಿಶನ್ ಮಾಡುವುದು ಗಡಿ ಹಾಕುವ ಕೆಲಸ. ಆ ಗಡಿಯ ಒಳಗೆ ಫೈಲ್‌ಗಳನ್ನು ಇಡಲು ಒಂದು ಹೊಸ ವ್ಯವಸ್ಥೆ ಮಾಡುವುದು ಫಾರ್ಮ್ಯಾಟ್. ಆ ವ್ಯವಸ್ಥೆಗೆ ಫೈಲ್ ಸಿಸ್ಟಂ ಎನ್ನುತ್ತಾರೆ. ಎರಡೂ ಬೇರೆ ಬೇರೆ ಕೆಲಸ. ಇನ್‌ಸ್ಟಾಲರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಇರುತ್ತದೆ, ಗಡಬಿಡಿಯಲ್ಲಿ ಒಂದನ್ನು ಇನ್ನೊಂದು ಅಂದುಕೊಂಡರೆ ಕಷ್ಟ.

ಒಂದು ಸಣ್ಣ ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. 500 ಜಿಬಿ ಎಂದು ಕೊಂಡ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ, 256 ಇದ್ದದ್ದನ್ನು 238 ಎಂದು. ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಲಿನಕ್ಸ್‌ನಲ್ಲಿ ಕೆಲವು ತಂತ್ರಾಂಶ ಹಾಗೆ, ಕೆಲವು ಹೀಗೆ. ಆದ್ದರಿಂದ ಹಾಳೆಯ ಮೇಲೆ ಬರೆಯುವಾಗ ಹತ್ತಿಪ್ಪತ್ತು ಜಿಬಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಎಂಬಿಆರ್ ಮತ್ತು ಜಿಪಿಟಿ

ಪಾರ್ಟಿಶನ್ ಟೇಬಲ್ ಬರೆಯಲು ಎರಡು ಪದ್ಧತಿ ಬಳಕೆಯಲ್ಲಿವೆ.

ಹಳೆಯದು ಎಂಬಿಆರ್, 1983ರ ಪಿಸಿ ಡಾಸ್ 2.0 ಕಾಲದ್ದು. ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲೇ ಎಲ್ಲವೂ ಇರುತ್ತದೆ. ಅದರಲ್ಲಿ ಪಾರ್ಟಿಶನ್ ಪಟ್ಟಿಗೆ ಸಿಕ್ಕುವುದು ಬರೀ 64 ಬೈಟ್. ಒಂದು ಪಾರ್ಟಿಶನ್ ವಿವರಕ್ಕೆ 16 ಬೈಟ್ ಬೇಕು. ಹಾಗಾಗಿ ನಾಲ್ಕೇ ಪಾರ್ಟಿಶನ್. ಐದನೆಯದು ಬೇಕೆಂದರೆ ನಾಲ್ಕರಲ್ಲಿ ಒಂದನ್ನು ಎಕ್ಸ್‌ಟೆಂಡೆಡ್ ಎಂದು ಮಾಡಿ, ಅದರ ಹೊಟ್ಟೆಯಲ್ಲಿ ಲಾಜಿಕಲ್ ಪಾರ್ಟಿಶನ್‌ಗಳನ್ನು ಮಾಡಬೇಕು. ಸಾಮಾನ್ಯವಾಗಿ ಸುಮಾರು 2 ಟಿಬಿಗಿಂತ ಆಚೆ ಇರುವ ಜಾಗ ಇದರ ಕಣ್ಣಿಗೆ ಬೀಳುವುದೂ ಇಲ್ಲ.

ಹೊಸದು ಜಿಪಿಟಿ. ಇದರಲ್ಲಿ ಸಾಮಾನ್ಯವಾಗಿ 128 ಪಾರ್ಟಿಶನ್‌ಗೆ ಜಾಗ ಇರುತ್ತದೆ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಮೊದಲಿನದು ಹಾಳಾದರೆ ಕೊನೆಯದರಿಂದ ಸರಿಮಾಡಬಹುದು. ಹೊಸ ಡಿಸ್ಕಿಗೆ ಜಿಪಿಟಿಯನ್ನೇ ಆರಿಸಿ, ಇದರಲ್ಲಿ ಎರಡು ಮಾತಿಲ್ಲ.

ಇದರ ಜೊತೆಗೇ ಕಂಪ್ಯೂಟರ್ ಏಳುವ, ಅಂದರೆ ಆನ್ ಮಾಡಿದಾಗ ಶುರುವಾಗುವ, ರೀತಿಯೂ ಎರಡು: ಹಳೆಯ ಲೆಗಸಿ ಬಯಾಸ್, ಹೊಸ ಯುಇಎಫ್‌ಐ. ನಿಮ್ಮದು ಯಾವುದು ಎಂದು ತಿಳಿಯಲು ವಿಂಡೋಸ್‌ನ ಹುಡುಕುವ ಜಾಗದಲ್ಲಿ ಎಂಎಸ್‌ಇನ್ಫೋ32 ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಬಯಾಸ್ ಮೋಡ್ ಎಂಬ ಸಾಲನ್ನು ನೋಡಿ. ವಿಂಡೋಸ್ ಯುಇಎಫ್‌ಐನಲ್ಲಿ ಏಳುತ್ತಿದ್ದರೆ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಕೂಡ ಯುಇಎಫ್‌ಐನಲ್ಲೇ ಏಳಬೇಕು. ಒಂದು ಹಾಗೆ, ಇನ್ನೊಂದು ಹೀಗೆ ಆದರೆ ಎರಡೂ ಸಿಸ್ಟಂ ಡಿಸ್ಕಿನಲ್ಲಿ ಇರುತ್ತವೆ, ಆದರೆ ಆರಿಸುವ ಮೆನುವಿನಲ್ಲಿ ಒಂದೇ ಕಾಣುತ್ತದೆ. ಎಷ್ಟೋ ಜನ ‘ವಿಂಡೋಸ್ ಹೋಯಿತು’ ಎಂದು ಗಾಬರಿ ಆಗುವುದು ಇದರಿಂದಲೇ.

ಸಿ, ಡಿ ಡ್ರೈವ್ ಇಲ್ಲಿ ಯಾಕೆ ಕಾಣುವುದಿಲ್ಲ

ವಿಂಡೋಸ್ ಒಂದೊಂದು ಪಾರ್ಟಿಶನ್‌ಗೆ ಒಂದೊಂದು ಅಕ್ಷರ ಕೊಡುತ್ತದೆ. ಯುನಿಕ್ಸ್ ಮತ್ತು ಅದರ ದಾರಿಯಲ್ಲಿ ಬಂದ ಲಿನಕ್ಸ್, ಫ್ರೀಬಿಎಸ್‌ಡಿ ಹಾಗೆ ಮಾಡುವುದಿಲ್ಲ. ಅಲ್ಲಿ ಎಲ್ಲಕ್ಕೂ ಬುಡ ಒಂದೇ. ಅದನ್ನು / ಎಂದು ಬರೆಯುತ್ತಾರೆ, ರೂಟ್ ಎನ್ನುತ್ತಾರೆ. ಡಿಸ್ಕ್ ಎಷ್ಟೇ ಇರಲಿ, ಪಾರ್ಟಿಶನ್ ಎಷ್ಟೇ ಇರಲಿ, ಪ್ರತಿಯೊಂದನ್ನೂ ಆ ಬುಡದ ಕೆಳಗಿನ ಯಾವುದೋ ಒಂದು ಫೋಲ್ಡರ್‌ಗೆ ಜೋಡಿಸುತ್ತಾರೆ. ಹೀಗೆ ಜೋಡಿಸುವುದೇ ಮೌಂಟ್ ಮಾಡುವುದು, ಜೋಡಿಸಿದ ಜಾಗವೇ ಮೌಂಟ್ ಪಾಯಿಂಟ್. ನಿಮ್ಮ ಫೋಟೋ, ಹಾಡು, ಕಾಗದಪತ್ರ ಎಲ್ಲ /ಹೋಮ್ ಎಂಬ ಫೋಲ್ಡರ್ ಒಳಗೆ ಇರುತ್ತವೆ. ಆ ಫೋಲ್ಡರ್ ರೂಟ್ ಇರುವ ಪಾರ್ಟಿಶನ್‌ನಲ್ಲೇ ಇರಬಹುದು, ಬೇರೆ ಪಾರ್ಟಿಶನ್‌ನಲ್ಲೂ ಇರಬಹುದು, ಬೇರೆ ಡಿಸ್ಕಿನಲ್ಲೇ ಇದ್ದರೂ ಬಳಸುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಈ ಸ್ವಾತಂತ್ರ್ಯ ಇರುವುದರಿಂದಲೇ ಹಂಚಿಕೆಯ ಪ್ರಶ್ನೆ ಹುಟ್ಟುತ್ತದೆ.

ಹೆಸರುಗಳನ್ನೂ ಗುರುತಿಸಲು ಬರಬೇಕು. ಲಿನಕ್ಸ್‌ನಲ್ಲಿ ಸಾಟಾ ಡಿಸ್ಕ್‌ಗಳು ಎಸ್‌ಡಿಎ, ಎಸ್‌ಡಿಬಿ ಎಂದು ಸಾಲಾಗಿ ಹೋಗುತ್ತವೆ. ಎಸ್‌ಡಿಎ1 ಎಂದರೆ ಮೊದಲ ಡಿಸ್ಕಿನ ಒಂದನೇ ಪಾರ್ಟಿಶನ್. ಹೊಸ ಎನ್‌ವಿಎಂಇ ಎಸ್‌ಎಸ್‌ಡಿ ಆದರೆ ಹೆಸರು ಎನ್‌ವಿಎಂಇ ಎಂದೇ ಶುರುವಾಗಿ, ಪಿ1, ಪಿ2 ಎಂದು ಮುಗಿಯುತ್ತದೆ. ಗಮನಿಸಿ, ನೀವು ಚುಚ್ಚಿದ ಪೆನ್‌ಡ್ರೈವ್ ಕೂಡ ಎಸ್‌ಡಿ ಎಂಬ ಹೆಸರಲ್ಲೇ ಬರುತ್ತದೆ, ಒಮ್ಮೊಮ್ಮೆ ಅದೇ ಎಸ್‌ಡಿಎ ಆಗಿರುತ್ತದೆ. ಆದ್ದರಿಂದ ಹೆಸರು ನೋಡಿ ಡಿಸ್ಕ್ ಆರಿಸಬೇಡಿ. ಅಳತೆ ಮತ್ತು ಕಂಪನಿಯ ಮಾಡೆಲ್ ನೋಡಿ ಆರಿಸಿ.

ಯಾವ ಯಾವ ಭಾಗ, ಎಷ್ಟೆಷ್ಟು

ಹಳೆಯ ಪುಸ್ತಕಗಳಲ್ಲಿ ಆರೇಳು ಪಾರ್ಟಿಶನ್ ಮಾಡಿ ಎಂದು ಇರುತ್ತದೆ. ನೂರಾರು ಜನ ಬಳಸುವ ಸರ್ವರ್‌ಗೆ ಅದು ಸರಿ, ಯಾಕೆಂದರೆ ಅಲ್ಲಿ ಲಾಗ್ ಫೈಲ್‌ಗಳು ಬೆಳೆದು ಡಿಸ್ಕ್ ತುಂಬಿದರೂ ಉಳಿದ ಸಿಸ್ಟಂ ನಿಲ್ಲಬಾರದು. ಮನೆಯ ಲ್ಯಾಪ್‌ಟಾಪ್‌ಗೆ ಅಷ್ಟೆಲ್ಲ ಬೇಡ.

ಮೊದಲನೆಯದು ಇಎಫ್‌ಐ ಸಿಸ್ಟಂ ಪಾರ್ಟಿಶನ್, ಚುಟುಕಾಗಿ ಇಎಸ್‌ಪಿ. ಯುಇಎಫ್‌ಐ ಕಂಪ್ಯೂಟರ್ ಆನ್ ಆದಾಗ ಮೊದಲು ನೋಡುವ ಜಾಗ ಇದು. ಸಾಮಾನ್ಯವಾಗಿ ಫ್ಯಾಟ್32 ಫೈಲ್ ಸಿಸ್ಟಂನಲ್ಲಿ ಇರುತ್ತದೆ. ವಿಂಡೋಸ್ ಎಷ್ಟೋ ಸಲ ಇದನ್ನು ಬರೀ 100 ಎಂಬಿ ಅಳತೆಯಲ್ಲಿ ಮಾಡಿರುತ್ತದೆ. ಒಂದು ಲಿನಕ್ಸ್ ಜೊತೆಗೆ ಇರಲು ಸಾಮಾನ್ಯವಾಗಿ ಅಷ್ಟು ಸಾಕು. ಖಾಲಿ ಡಿಸ್ಕಿನಲ್ಲಿ ಹೊಸದಾಗಿ ಮಾಡುವಾಗ 500 ಎಂಬಿಯಿಂದ 1 ಜಿಬಿ ಕೊಡಿ. ವಿಂಡೋಸ್ ಉಳಿಸಿಕೊಳ್ಳುವವರಿಗೆ ಇಡೀ ಲೇಖನದಲ್ಲಿ ಮುಖ್ಯವಾದ ಮಾತು ಇದು: ಈಗಾಗಲೇ ಇರುವ ಇಎಸ್‌ಪಿಯನ್ನು ಫಾರ್ಮ್ಯಾಟ್ ಮಾಡಬೇಡಿ. ಅದನ್ನು /ಬೂಟ್/ಇಎಫ್‌ಐ ಎಂಬ ಜಾಗಕ್ಕೆ ಮೌಂಟ್ ಮಾಡಿ ಎಂದು ಮಾತ್ರ ಹೇಳಿ. ವಿಂಡೋಸ್ ಏಳಲು ಬೇಕಾದ ಫೈಲ್ ಕೂಡ ಅಲ್ಲೇ ಇದೆ. ಫಾರ್ಮ್ಯಾಟ್ ಮಾಡಿದರೆ ಸಿ ಡ್ರೈವ್ ಪೂರ್ತಿ ಚೆನ್ನಾಗಿದ್ದರೂ ವಿಂಡೋಸ್ ಏಳುವುದಿಲ್ಲ.

ಎರಡನೆಯದು ರೂಟ್. ಸಿಸ್ಟಂ, ತಂತ್ರಾಂಶಗಳು ಎಲ್ಲ ಇಲ್ಲಿ. ಉಬುಂಟು ಡೆಸ್ಕ್‌ಟಾಪ್‌ಗೆ ಕನಿಷ್ಠ 25 ಜಿಬಿ ಬೇಕು ಎನ್ನುತ್ತಾರೆ. ಕನಿಷ್ಠಕ್ಕೆ ನಿಲ್ಲಬೇಡಿ. ಅಪ್‌ಡೇಟ್ ಬಂದ ಹಾಗೆ ಸಿಸ್ಟಂನ ತಿರುಳಾದ ಕರ್ನಲ್‌ನ ಹಳೆಯ ಪ್ರತಿಗಳು, ಸ್ನ್ಯಾಪ್ ಅಥವಾ ಫ್ಲಾಟ್‌ಪ್ಯಾಕ್ ರೂಪದ ತಂತ್ರಾಂಶಗಳು ಜಾಗ ತಿನ್ನುತ್ತವೆ. 50 ಜಿಬಿ ಇಟ್ಟರೆ ನೆಮ್ಮದಿ. ಡಾಕರ್, ಆಂಡ್ರಾಯ್ಡ್ ಸ್ಟುಡಿಯೋ ಎಂದೆಲ್ಲ ಬಳಸುವ ಪುಣೆಯ ಹಿಂಜವಡಿಯ ಐಟಿ ಹುಡುಗರಾದರೆ 100 ಇಡಿ.

ಮೂರನೆಯದು /ಹೋಮ್. ಇದು ಬೇರೆ ಇರಲೇಬೇಕೆಂದಿಲ್ಲ. ಆದರೆ ನನ್ನ ಮಟ್ಟಿಗೆ, 256 ಜಿಬಿ ಅಥವಾ ಅದಕ್ಕಿಂತ ದೊಡ್ಡ ಡಿಸ್ಕ್ ಇದ್ದರೆ ಬೇರೆ ಮಾಡುವುದೇ ಸರಿ. ನಾಳೆ ಸಿಸ್ಟಂ ಕೆಟ್ಟಿತು, ಅಥವಾ ಉಬುಂಟು ಬೇಡ ಫೆಡೋರಾ ಬೇಕು ಎನಿಸಿತು ಅನ್ನಿ. ರೂಟನ್ನು ಮಾತ್ರ ಅಳಿಸಿ ಹೊಸದು ಹಾಕಬಹುದು, ನಿಮ್ಮ ಫೈಲ್‌ಗಳಿಗೆ ಕೈ ತಾಗುವುದೇ ಇಲ್ಲ. 128 ಜಿಬಿಯ ಸಣ್ಣ ಎಸ್‌ಎಸ್‌ಡಿ ಆದರೆ ಒಂದೇ ರೂಟ್ ಸಾಕು. ಇಲ್ಲದಿದ್ದರೆ ಒಂದು ಕಡೆ ತುಂಬಿ ಒದ್ದಾಡುತ್ತೀರಿ, ಇನ್ನೊಂದು ಕಡೆ ಸುಮ್ನೆ ಖಾಲಿ ಬಿದ್ದಿರುತ್ತದೆ.

ನಾಲ್ಕನೆಯದು ಸ್ವಾಪ್. ರ್‍ಯಾಮ್ ತುಂಬಿದಾಗ ಸದ್ಯಕ್ಕೆ ಬೇಡವಾದದ್ದನ್ನು ಸಿಸ್ಟಂ ಡಿಸ್ಕಿನಲ್ಲಿ ಇಡುವ ಜಾಗ. ‘ರ್‍ಯಾಮ್‌ನ ಎರಡರಷ್ಟು ಇಡಿ’ ಎಂಬ ಮಾತು ರ್‍ಯಾಮ್ ಕೆಲವೇ ಎಂಬಿ ಇದ್ದ ಕಾಲದ್ದು. ಉಬುಂಟು 2017ರ 17.04 ಆವೃತ್ತಿಯಿಂದ ಇದಕ್ಕೆ ಪಾರ್ಟಿಶನ್ ಬದಲು ರೂಟ್ ಒಳಗೇ ಒಂದು ಫೈಲ್ ಮಾಡಿಕೊಳ್ಳುತ್ತದೆ. ಅದನ್ನು ಆಮೇಲೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಹಾಗಾಗಿ ಹೆಚ್ಚಿನವರಿಗೆ ಸ್ವಾಪ್ ಪಾರ್ಟಿಶನ್ ಬೇಕಿಲ್ಲ. ಒಂದು ವಿನಾಯಿತಿ ಇದೆ: ಹೈಬರ್ನೇಟ್ ಮಾಡುವ (ತೆರೆದದ್ದನ್ನೆಲ್ಲ ಡಿಸ್ಕಿನಲ್ಲಿ ಉಳಿಸಿ ಕಂಪ್ಯೂಟರ್ ಆರಿಸುವ) ಅಭ್ಯಾಸ ಇದ್ದವರು ರ್‍ಯಾಮ್‌ನಷ್ಟೇ ಅಥವಾ ಸ್ವಲ್ಪ ಜಾಸ್ತಿ ಅಳತೆಯ ಸ್ವಾಪ್ ಪಾರ್ಟಿಶನ್ ಮಾಡಿಕೊಂಡರೆ ಸುಲಭ, ಯಾಕೆಂದರೆ ಆಗ ರ್‍ಯಾಮ್‌ನಲ್ಲಿ ಇರುವುದೆಲ್ಲ ಅಲ್ಲಿಗೆ ಹೋಗಬೇಕು.

ಲೆಗಸಿ ಬಯಾಸ್ ಇರುವ ಹಳೆಯ ಯಂತ್ರದಲ್ಲಿ ಜಿಪಿಟಿ ಡಿಸ್ಕ್ ಹಾಕಿದ್ದರೆ ಇಎಸ್‌ಪಿ ಬದಲು 1 ಎಂಬಿಯ ಬಯಾಸ್ ಬೂಟ್ ಪಾರ್ಟಿಶನ್ ಬೇಕಾಗುತ್ತದೆ. ಗ್ರಬ್ ಎಂಬ ಬೂಟ್ ಲೋಡರ್ ತನ್ನ ಒಂದು ಭಾಗವನ್ನು ಅಲ್ಲಿ ಇಡುತ್ತದೆ. ಅದನ್ನು ಫಾರ್ಮ್ಯಾಟ್ ಮಾಡುವಂತಿಲ್ಲ, ಮೌಂಟ್ ಮಾಡುವಂತಿಲ್ಲ.

ಸಾಲು ಯಾಕೆ ಮುಖ್ಯ

ಪಾರ್ಟಿಶನ್‌ಗಳು ಡಿಸ್ಕಿನಲ್ಲಿ ಎಡದಿಂದ ಬಲಕ್ಕೆ ಸಾಲಾಗಿ ಕೂತಿರುತ್ತವೆ. ಒಂದರ ಬಲಗಡೆ ಖಾಲಿ ಜಾಗ ಇದ್ದರೆ ಅದನ್ನು ಹಿಗ್ಗಿಸುವುದು ನಿಮಿಷದ ಕೆಲಸ, ಗಡಿಯ ಕೊನೆಯ ಅಂಕಿ ಬದಲಿಸಿದರೆ ಮುಗಿಯಿತು. ಎಡಗಡೆಗೆ ಹಿಗ್ಗಿಸಬೇಕೆಂದರೆ ಒಳಗಿರುವ ಡೇಟಾವನ್ನೆಲ್ಲ ಎತ್ತಿ ಆ ಕಡೆಗೆ ಸರಿಸಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ ಅರ್ಧ ಅಲ್ಲಿ ಎನ್ನುವ ಸ್ಥಿತಿ ಆಗುತ್ತದೆ. ಗೋವಾದ ಮಳೆಗಾಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ರೂಟ್ ಮೊದಲು, /ಹೋಮ್ ಕೊನೆಗೆ ಇಡಿ, ರೂಟ್ ಅಳತೆಯಲ್ಲಿ ಮೊದಲೇ ಉದಾರವಾಗಿರಿ. /ಹೋಮ್ ತುಂಬಿದರೆ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ಹಾಕಬಹುದು, ರೂಟ್ ತುಂಬಿದರೆ ಅಪ್‌ಡೇಟ್ ಕೂಡ ಮಾಡಲು ಆಗುವುದಿಲ್ಲ.

ಫೈಲ್ ಸಿಸ್ಟಂ ಆಯ್ಕೆ

ಗೊತ್ತಿಲ್ಲದಿದ್ದರೆ ಎಕ್ಸ್‌ಟ್4 ಆರಿಸಿ. 2008ರಿಂದ ಲಿನಕ್ಸ್‌ನಲ್ಲಿ ಇದೆ, ಹಿಗ್ಗಿಸಲೂ ಕುಗ್ಗಿಸಲೂ ಆಗುತ್ತದೆ, ಕುಗ್ಗಿಸುವಾಗ ಮಾತ್ರ ಅನ್‌ಮೌಂಟ್ ಮಾಡಿರಬೇಕು. ಫೆಡೋರಾ ವರ್ಕ್‌ಸ್ಟೇಷನ್ 2020ರಿಂದ ಬಿಟಿಆರ್‌ಎಫ್‌ಎಸ್ ಬಳಸುತ್ತಿದೆ. ಅದರಲ್ಲಿ ರೂಟ್ ಮತ್ತು /ಹೋಮ್ ಎರಡೂ ಒಂದೇ ಪಾರ್ಟಿಶನ್‌ನ ಜಾಗವನ್ನು ಹಂಚಿಕೊಂಡು ಬೇರೆ ಬೇರೆಯಾಗಿ ಇರಬಲ್ಲವು, ಅಂದರೆ ಮೇಲೆ ಹೇಳಿದ ಅಳತೆಯ ತಲೆನೋವೇ ಕಮ್ಮಿ. ಎಕ್ಸ್‌ಎಫ್‌ಎಸ್ ದೊಡ್ಡ ಡಿಸ್ಕುಗಳಿಗೆ ಒಳ್ಳೆಯದು, ಆದರೆ ಅದನ್ನು ಹಿಗ್ಗಿಸಿದ ಹಾಗೆ ಕುಗ್ಗಿಸಲು ಬರುವುದಿಲ್ಲ. ಫ್ರೀಬಿಎಸ್‌ಡಿ ಕಡೆ ಹೋಗುವವರಿಗೆ ಯುಎಫ್‌ಎಸ್ ಮತ್ತು ಝಡ್‌ಎಫ್‌ಎಸ್ ಸಿಗುತ್ತವೆ.

ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದದಂತೆ ಬೀಗ ಹಾಕುವ, ಯೋಚನೆ ಇದ್ದರೆ ಈಗಲೇ ನಿರ್ಧರಿಸಿ. ದಿನಾ ವಿರಾರ್ ಲೋಕಲ್‌ನಲ್ಲಿ ಲ್ಯಾಪ್‌ಟಾಪ್ ಹೊತ್ತು ಹೋಗುವವರು ಮಾಡಿಸಿಕೊಳ್ಳುವುದು ಒಳ್ಳೆಯದು. ಇನ್‌ಸ್ಟಾಲ್ ಮಾಡುವಾಗ ಒಂದು ಟಿಕ್ ಹಾಕಿದರೆ ಆಗುವ ಕೆಲಸ, ಆಮೇಲೆ ಮಾಡಲು ಹೊರಟರೆ ಬಲು ತ್ರಾಸು. ಪಾಸ್‌ವರ್ಡ್ ಮರೆತರೆ ಮಾತ್ರ ಯಾರಿಂದಲೂ ತೆರೆಯಲು ಆಗುವುದಿಲ್ಲ.

ವಿಂಡೋಸ್ ಒಳಗೆ ಮಾಡಬೇಕಾದ ತಯಾರಿ

ವಿಂಡೋಸ್ ಬೇಡವೇ ಬೇಡ ಎನ್ನುವವರು ಬ್ಯಾಕಪ್ ಮಾಡಿ ಉಳಿದದ್ದನ್ನು ಬಿಟ್ಟು ಮುಂದೆ ಹೋಗಬಹುದು.

ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ಇರಬೇಕು. ಡಿ ಡ್ರೈವ್‌ನಲ್ಲಿ ಇಟ್ಟದ್ದು ಬ್ಯಾಕಪ್ ಅಲ್ಲ, ಅದೂ ಅದೇ ಡಿಸ್ಕಿನ ಇನ್ನೊಂದು ಭಾಗ, ಅಲ್ವಾ? ಇಟ್ಟ ಮೇಲೆ ಬೇರೆ ಕಂಪ್ಯೂಟರಿನಲ್ಲಿ ನಾಲ್ಕು ಫೈಲ್ ತೆರೆದು ನೋಡಿ.

ಆಮೇಲೆ ಬಿಟ್‌ಲಾಕರ್, ಅಂದರೆ ವಿಂಡೋಸ್‌ನದೇ ಎನ್‌ಕ್ರಿಪ್ಷನ್. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಲ್ಲಿ, ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಕಂಪ್ಯೂಟರ್ ಏಳುವ ವ್ಯವಸ್ಥೆ ಬದಲಾದದ್ದು ಕಂಡರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಆ ಕೀಯನ್ನು ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಬಿಚ್ಚುವವರೆಗೆ ಕಾಯಿರಿ.

ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಬರೆಯಲು ಹೋದರೆ ಡೇಟಾ ಕೆಡಬಹುದು, ಅದಕ್ಕೇ ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ.

ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿಯೇ ಕಾಣದಿದ್ದರೆ ಇಂಟೆಲ್ ಆರ್‌ಎಸ್‌ಟಿ ಎಂಬ ಸೆಟ್ಟಿಂಗ್ ಆನ್ ಇದೆಯಾ ಎಂದು ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟದಲ್ಲಿ) ನೋಡಿ. ಅದನ್ನು ಎಎಚ್‌ಸಿಐಗೆ ಬದಲಿಸಬೇಕು, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು. ಮೊದಲು ವಿಂಡೋಸ್ ಅನ್ನು ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ಇಟ್ಟು, ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಬದಲಿಸಿ. ಸೇಫ್ ಮೋಡ್‌ನಲ್ಲಿ ಎದ್ದಾಗ ಅದು ಬೇಕಾದ ಡ್ರೈವರ್ ಹೊಂದಿಸಿಕೊಳ್ಳುತ್ತದೆ, ಆಮೇಲೆ ಆ ಸೇಫ್ ಮೋಡ್ ಸೆಟ್ಟಿಂಗ್ ತೆಗೆದುಬಿಡಿ.

ಕೊನೆಗೆ ಜಾಗ ಬಿಡಿಸುವುದು. ಸಿ ಡ್ರೈವ್ ಕುಗ್ಗಿಸಲು ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್ ಬಳಸಿ. ಸಿ ಮೇಲೆ ರೈಟ್ ಕ್ಲಿಕ್ ಮಾಡಿ, ಶ್ರಿಂಕ್ ಆರಿಸಿ. ಅಳತೆಯನ್ನು ಅದು ಎಂಬಿಯಲ್ಲಿ ಕೇಳುತ್ತದೆ, 100 ಜಿಬಿ ಬೇಕೆಂದರೆ 102400 ಎಂದು ಹಾಕಿ. 300 ಜಿಬಿ ಖಾಲಿ ಇದ್ದರೂ 40 ಮಾತ್ರ ಬಿಡುತ್ತೇನೆ ಎಂದು ಅದು ಹಟ ಹಿಡಿಯಬಹುದು. ಪೇಜ್ ಫೈಲ್, ಹೈಬರ್ನೇಷನ್ ಫೈಲ್, ಸಿಸ್ಟಂ ರಿಸ್ಟೋರ್‌ನ ಪ್ರತಿಗಳು ಡಿಸ್ಕಿನ ನಡುವೆ ಎಲ್ಲೋ ಕೂತಿರುತ್ತವೆ, ವಿಂಡೋಸ್ ಓಡುತ್ತಿರುವಾಗ ಅವುಗಳನ್ನು ಸರಿಸಲು ಆಗುವುದಿಲ್ಲ. ಆ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಬಿಡಿಸಿದ ಜಾಗ ಅನ್‌ಅಲೊಕೇಟೆಡ್ ಎಂದು ಕಪ್ಪು ಪಟ್ಟಿಯಲ್ಲಿ ಕಾಣುತ್ತದೆ. ಅದನ್ನು ಹಾಗೇ ಬಿಡಿ, ಅಲ್ಲಿ ವಿಂಡೋಸ್‌ನಿಂದ ಹೊಸ ಡ್ರೈವ್ ಮಾಡಬೇಡಿ. ಪಕ್ಕದಲ್ಲಿ ರಿಕವರಿ ಎಂಬ ಸಣ್ಣ ಪಾರ್ಟಿಶನ್ ಇದ್ದರೆ ಅದನ್ನೂ ಮುಟ್ಟಬೇಡಿ.

ಇನ್‌ಸ್ಟಾಲರ್ ಮುಂದೆ

ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿಟ್ಟುಕೊಂಡು ಶುರು ಮಾಡಿ. ಸಾಮಾನ್ಯವಾಗಿ ಮೂರು ದಾರಿ ಕಾಣುತ್ತವೆ. ‘ಇರೇಸ್ ಡಿಸ್ಕ್’ ಎಂದರೆ ವಿಂಡೋಸ್, ಡಿ ಡ್ರೈವ್‌ನ ಫೋಟೋ ಎಲ್ಲ ಸೇರಿ ಆರಿಸಿದ ಡಿಸ್ಕ್ ಪೂರ್ತಿ ಖಾಲಿ. ‘ಅಲಾಂಗ್‌ಸೈಡ್’ ಎಂದರೆ ವಿಂಡೋಸ್ ಪಕ್ಕದಲ್ಲಿ, ಅಳತೆ ಹೆಚ್ಚುಕಡಿಮೆ ಅದರದೇ ಲೆಕ್ಕ. ಮೂರನೆಯದು ಕೈಯಾರೆ ಮಾಡುವುದು, ಮಿಂಟ್‌ನಲ್ಲಿ ‘ಸಮ್‌ಥಿಂಗ್ ಎಲ್ಸ್’ ಎಂದಿರುತ್ತದೆ. ಹಾಳೆಯ ಲೆಕ್ಕ ಬೇಕಾಗುವುದು ಇಲ್ಲಿ.

512 ಜಿಬಿ ಎಸ್‌ಎಸ್‌ಡಿ ಇರುವವರ ಲೆಕ್ಕ ಹೀಗಿರಬಹುದು. ವಿಂಡೋಸ್ ಕಣ್ಣಿಗೆ ಅದು 476. ಸಿ ಡ್ರೈವನ್ನು ಕುಗ್ಗಿಸಿ ಸುಮಾರು 220 ಇಟ್ಟರೆ, ವಿಂಡೋಸ್‌ನ ಸಣ್ಣಪುಟ್ಟ ಪಾರ್ಟಿಶನ್ ಕಳೆದು 250ರಷ್ಟು ಖಾಲಿ ಸಿಗುತ್ತದೆ. ಆ ಖಾಲಿ ಜಾಗದಲ್ಲಿ 60 ರೂಟ್‌ಗೆ, ಉಳಿದದ್ದು /ಹೋಮ್‌ಗೆ. ಎರಡಕ್ಕೂ ಎಕ್ಸ್‌ಟ್4, ಎರಡಕ್ಕೂ ಫಾರ್ಮ್ಯಾಟ್ ಟಿಕ್. ಇರುವ ಇಎಸ್‌ಪಿಗೆ ಟಿಕ್ ಬೇಡ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಶನ್‌ಗಳ ಎದುರು ಯಾವ ಗುರುತೂ ಇರಬಾರದು.

ಇಷ್ಟು ಮಾಡಿದರೂ ಇನ್ನೂ ಡಿಸ್ಕಿಗೆ ಏನೂ ಬರೆದಿರುವುದಿಲ್ಲ. ಏನೇನು ಬದಲಾಗುತ್ತದೆ ಎಂಬ ಪಟ್ಟಿ ತೋರಿಸಿ, ಒಪ್ಪಿಗೆ ಕೇಳಿ, ಆಮೇಲೆಯೇ ಬರೆಯುತ್ತದೆ. ಪಾರ್ಟಿಶನ್ ಮಾಡುವ ಜಿಪಾರ್ಟೆಡ್ ಎಂಬ ತಂತ್ರಾಂಶದಲ್ಲಿ ‘ಅಪ್ಲೈ’ ಒತ್ತುವವರೆಗೂ ಇದೇ ಕಥೆ. ಆ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಒಂದೊಂದೇ ಸಾಲು ಹಾಳೆಯ ಜೊತೆ ಹೋಲಿಸಿ ನೋಡಿ. ಒಂದು ಸಾಲು ಹೊಂದದಿದ್ದರೂ ಹಿಂದೆ ಹೋಗಿ, ಬೇಕಾದರೆ ಪವರ್ ಬಟನ್ ಒತ್ತಿ ಆರಿಸಿಬಿಡಿ, ಡಿಸ್ಕಿಗೆ ಏನೂ ಆಗುವುದಿಲ್ಲ.

ಮುಂದೆ ಮತ್ತೆ ಇನ್‌ಸ್ಟಾಲ್ ಮಾಡುವಾಗ

ಎರಡು ಮೂರು ವರ್ಷ ಆದ ಮೇಲೆ ಹೊಸ ಆವೃತ್ತಿ ಹಾಕಲು ಕೂತಾಗ ಇದೇ ಪುಟ ಮತ್ತೆ ಬರುತ್ತದೆ. ಆಗ ರೂಟ್ ಪಾರ್ಟಿಶನ್‌ಗೆ ಫಾರ್ಮ್ಯಾಟ್ ಟಿಕ್ ಹಾಕಿ. /ಹೋಮ್ ಪಾರ್ಟಿಶನ್ ಅನ್ನು /ಹೋಮ್ ಎಂದೇ ಮೌಂಟ್ ಮಾಡಿ, ಟಿಕ್ ಹಾಕಬೇಡಿ. ಯೂಸರ್ ಹೆಸರು ಕೇಳಿದಾಗ ಮೊದಲಿನ ಹೆಸರನ್ನೇ ಅಕ್ಷರ ತಪ್ಪದೆ ಕೊಡಿ. ಲಾಗಿನ್ ಆದರೆ ಹಳೆಯ ಫೈಲ್‌ಗಳು, ಬ್ರೌಸರ್‌ನ ಬುಕ್‌ಮಾರ್ಕ್‌ಗಳು ಇದ್ದಲ್ಲೇ ಸಿಗುತ್ತವೆ. ತಂತ್ರಾಂಶಗಳನ್ನು ಮಾತ್ರ ಮತ್ತೆ ಹಾಕಿಕೊಳ್ಳಬೇಕು, ಅವು ರೂಟ್‌ನಲ್ಲಿ ಇದ್ದವು.